ರಾತ್ರಿ ಎರಡು ಗಂಟೆಯ ಫೋನ್ ಯಾರು ಎತ್ತಬೇಕು?

ಪ್ರಶ್ನೆ: ನಾನು ಕಾರವಾರದ ಹತ್ತಿರದ ಒಂದು ಸಣ್ಣ ಕ್ರೈಸ್ತ ಸಭೆಯ (ಚರ್ಚಿನ) ಸಭಾಪಾಲಕ. ವಯಸ್ಸು 39. ಸುಮಾರು 60 ಕುಟುಂಬಗಳಿವೆ. ಮನೆಯವಳು ಶಾಲೆಯಲ್ಲಿ ಟೀಚರ್. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಮಗ ಐದನೇ ಕ್ಲಾಸು. ನಾಲ್ಕು ತಿಂಗಳಿಂದ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಮಾತಾಡಿಸಿ ಬರುತ್ತಿದ್ದೆ. ಈಗ ಅವರೇ ಚಾಪ್ಲಿನ್ (ರೋಗಿಗಳ ಜೊತೆ ಕೂತು ಧೈರ್ಯ ಹೇಳುವ ಪಾದ್ರಿ) ಆಗಿ ಬನ್ನಿ ಎನ್ನುತ್ತಿದ್ದಾರೆ. ವಾರಕ್ಕೆ ಮೂರು ದಿನ, ರಾತ್ರಿ ಕರೆದರೂ ಬರಬೇಕು, ಸ್ವಲ್ಪ ಗೌರವಧನ ಕೊಡುತ್ತಾರೆ. ನನಗೆ ಇದು ದೇವರ ಕರೆ ಅನ್ನಿಸುತ್ತದೆ. ಸಭೆಯ ಹಿರಿಯರೊಬ್ಬರು "ಎರಡು ದೋಣಿಯಲ್ಲಿ ಕಾಲಿಡಬೇಡಿ ಅಯ್ಯನವರೇ" ಎಂದರು. ಮನೆಯವಳು ಜಗಳ ಮಾಡಲಿಲ್ಲ, "ಊರಿಗೆಲ್ಲ ಸಿಗ್ತೀರಿ, ನಮಗೆ ಮಾತ್ರ ಟೋಕನ್ ತಗೋಬೇಕು" ಎಂದಳು. ಬೇರೆ ಧರ್ಮದ ರೋಗಿಗಳ ಹತ್ತಿರ ಹೋದರೆ ಮತಾಂತರದ ಮಾತು ಬರುತ್ತದೇನೋ ಎಂಬ ಹೆದರಿಕೆಯೂ ಇದೆ. ಹೂಂ ಅನ್ನಲಾ, ಬೇಡ ಅನ್ನಲಾ? ಇನ್ನೊಂದು ಸಣ್ಣ ಪ್ರಶ್ನೆ. ವಾರ್ಡಿಗೆ ಪಾದ್ರಿಗಳ ಬಿಳಿ ಕಾಲರ್ ಹಾಕಿಕೊಂಡು ಹೋಗಬೇಕಾ?

ಉತ್ತರ: ಅಯ್ಯನವರೇ, ವಂದನೆಗಳು. ನಿಮ್ಮ ತೊಂದರೆ ಸಮಯದ್ದು ಅಂತ ನೀವು ಅಂದುಕೊಂಡಿದ್ದೀರಿ. ಮೂರು ದಿನ ಅಲ್ಲಿಗೆ, ಮೂರು ದಿನ ಸಭೆಗೆ, ಮಿಕ್ಕಿದ್ದು ಮನೆಗೆ ಅಂತ ಹಂಚಿದರೆ ಲೆಕ್ಕ ಕೂಡುತ್ತದೆ ಅನ್ನುವ ಆಸೆ ಪತ್ರದಲ್ಲಿ ಕಾಣುತ್ತದೆ. ನಾನೂ ಹಾಗೇ ಮಾಡಿದ್ದೆ. 22 ವರ್ಷ ಸಭಾಪಾಲಕನಾಗಿದ್ದೆ, ಅದರಲ್ಲಿ 14 ವರ್ಷ ಜೊತೆಗೇ ಆಸ್ಪತ್ರೆಯ ಚಾಪ್ಲಿನ್ ಕೆಲಸ. ಮೊದಲ ವರ್ಷ ಗೋಡೆ ಕ್ಯಾಲೆಂಡರ್ ಮೇಲೆ ಮೂರು ಬಣ್ಣದ ಪೆನ್ನಿನಲ್ಲಿ ಗೀಟು ಹಾಕಿದ್ದೆ. ನೋಡಲು ಚೆನ್ನಾಗಿತ್ತು. ಮಾರ್ಚ್ ಹೊತ್ತಿಗೆ ಎಲ್ಲಾ ಬಣ್ಣ ಒಂದಾಗಿತ್ತು. ಯಾಕೆಂದರೆ ಆಸ್ಪತ್ರೆ, ಸಭೆ, ಮನೆ ಮೂರೂ ನಿಮ್ಮಿಂದ ಬೇಡುವುದು ಒಂದೇ ವಸ್ತು, ಕಿವಿ. ಬೆಳಗಿನಿಂದ ವಾರ್ಡಿನಲ್ಲಿ ಕೇಳಿ, ಸಂಜೆ ಕಮಿಟಿಯಲ್ಲಿ ಕೇಳಿ, ರಾತ್ರಿ ಮನೆಗೆ ಬಂದಾಗ ಮಗ "ಅಪ್ಪಾ, ಇವತ್ತು ಶಾಲೇಲಿ" ಅಂತ ಶುರು ಮಾಡಿದರೆ ನೀವು ಹೂಂಗುಟ್ಟುತ್ತೀರಿ ಅಷ್ಟೇ. ಒಳಗೆ ಏನೂ ಇಳಿಯುವುದಿಲ್ಲ.

ನನ್ನ ಮಗನಿಗೆ ಆಗ ಆರು ವರ್ಷ. ಒಂದು ಸಂಜೆ ನಾನು ಮನೆಗೆ ಬಂದಾಗ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು, ಅವರಮ್ಮನ ಹಳೇ ಸೀರೆಯನ್ನು ಕುತ್ತಿಗೆವರೆಗೆ ಹೊದ್ದು ಮಲಗಿದ್ದ. ಪಕ್ಕದಲ್ಲಿ ಒಂದು ಸ್ಟೂಲು. ಏನಾಯ್ತೋ ಅಂದೆ. "ನಾನು ಪೇಷೆಂಟು, ನೀವು ಇಲ್ಲಿ ಕೂತ್ಕೊಳಿ" ಅಂದ. ಹೆಂಡತಿ ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದಳು, ತಿರುಗಿ ಕೂಡ ನೋಡಲಿಲ್ಲ. ನಾನು ನಕ್ಕೆ, ಕೂತೆ. ಎರಡು ನಿಮಿಷಕ್ಕೆ ಫೋನ್ ಬಂತು, ಎದ್ದೆ. ಆ ಸ್ಟೂಲು ಮಾರನೇ ದಿನ ಬೆಳಿಗ್ಗೆವರೆಗೂ ಅಲ್ಲೇ ಇತ್ತು.

ಹಾಗಾಗಿ ನಿಮ್ಮ ಮನೆಯವರ ಟೋಕನ್ ಮಾತನ್ನು ತಮಾಷೆ ಅಂತ ಬಿಡಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚಾಪ್ಲಿನ್ ಅಂದರೆ ಏನು ಅನ್ನುವುದರ ಬಗ್ಗೆ ಇರುವ ಗೊಂದಲ ಬಿಡಿಸೋಣ.

ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಇರಬೇಕು, ಚಾಪ್ಲಿನ್ ಅಂದಕೂಡಲೇ ಜನ ಸರ್ಕಾರಿ ಹುದ್ದೆ ಅಂದುಕೊಳ್ಳುತ್ತಾರೆ. ಭೂಸೇನೆಯಲ್ಲಿ ಪಂಡಿತ, ಗ್ರಂಥಿ, ಮೌಲವಿ ಇದ್ದ ಹಾಗೆ ಪಾದ್ರಿ ಹುದ್ದೆಯೂ ಇದೆ, ನಿಜ. ಅದು ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಯದು. ಗುರುದೀಕ್ಷೆ ಆಗಿರಬೇಕು, ಬಿಷಪರ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮದು ಅದಲ್ಲ. ಆಸ್ಪತ್ರೆಯ ಚಾಪ್ಲಿನ್ ಅಂದರೆ ಆಸ್ಪತ್ರೆ ಇಟ್ಟುಕೊಂಡ ವ್ಯಕ್ತಿ. ಅವರು ಕರೆದದ್ದು, ಅವರೇ ಬಿಡಿ ಅನ್ನಬಹುದು. ಇದನ್ನು ನೆನಪಿಡಿ, ಸಂಬಳದ ಮಾತಿಗೆ ಬಂದಾಗ ಬೇಕಾಗುತ್ತದೆ.

ಆ ಪದ ಬಂದದ್ದೇ ಒಂದು ಹರಿದ ಬಟ್ಟೆಯಿಂದ. ನಾಲ್ಕನೇ ಶತಮಾನದ ಮಾರ್ಟಿನ್ ಎಂಬ ರೋಮನ್ ಸೈನಿಕ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಕೊಟ್ಟ ಅಂತ ಕಥೆ. ಆ ಮೇಲಂಗಿಗೆ ಲ್ಯಾಟಿನ್‌ನಲ್ಲಿ ಕಪ್ಪಾ. ಅದನ್ನು ಕಾಯ್ದುಕೊಂಡಿದ್ದ ಪಾದ್ರಿಗಳಿಗೆ ಬಂದ ಹೆಸರೇ ಮುಂದೆ ಚಾಪ್ಲಿನ್ ಆಯಿತು. ಇದನ್ನು ಚರ್ಚಿನ ಪ್ರಸಂಗದಲ್ಲಿ (ಉಪದೇಶದಲ್ಲಿ) ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಮಾರ್ಟಿನ್ ಕೊಟ್ಟದ್ದು ಅರ್ಧ. ಚಳಿ ಅವನಿಗೂ ಇತ್ತಲ್ವಾ!

ಇನ್ನು ಮತಾಂತರದ ಹೆದರಿಕೆ. ಇದು ಸುಮ್ನೆ ಹೆದರಿಕೆ ಅಲ್ಲ, ನಮ್ಮ ಕರಾವಳಿಯಲ್ಲಿ ಇದಕ್ಕೆ ಕಾರಣಗಳಿವೆ. ಆದರೆ ಇದಕ್ಕೆ ಕಾನೂನಿಗಿಂತ ಮೊದಲು ವೃತ್ತಿಯದ್ದೇ ಉತ್ತರ ಇದೆ. ಹಾಸಿಗೆ ಮೇಲಿರುವ ಮನುಷ್ಯ ಎದ್ದು ಹೋಗಲಾರ. ಡ್ರಿಪ್ ಹಾಕಿರುತ್ತಾರೆ, ನೋವಿರುತ್ತದೆ, ಆಸ್ಪತ್ರೆಯವರನ್ನು ಎದುರು ಹಾಕಿಕೊಂಡರೆ ಏನೋ ಅನ್ನುವ ಅಂಜಿಕೆ ಇರುತ್ತದೆ. ಅಂಥವರ ಮುಂದೆ ನಿಂತು "ಪ್ರಾರ್ಥನೆ ಮಾಡಲಾ?" ಅಂದರೆ ಅವರ "ಹೂಂ"ಗೆ ಏನು ಬೆಲೆ? ಆದ್ದರಿಂದ ನೀವಾಗಿ ಕೇಳಬೇಡಿ. ಕರಪತ್ರ ಇಡಬೇಡಿ. ಕ್ರೈಸ್ತರಲ್ಲದವರ ಹತ್ತಿರ ಅವರೋ ಅವರ ಮನೆಯವರೋ ಕರೆದರೆ ಹೋಗಿ, ಕುಳಿತುಕೊಳ್ಳಿ. ಅವರಿಗೆ ಮೌಲವಿ ಬೇಕಾದರೆ ಮೌಲವಿಯನ್ನು ಕರೆಸಿ, ದೇವಸ್ಥಾನದ ಪ್ರಸಾದ ಬೇಕಾದರೆ ಅದು ಒಳಗೆ ಬರಲು ನರ್ಸ್ ಹತ್ತಿರ ಮಾತಾಡಿ. ಇದೂ ಚಾಪ್ಲಿನ್ ಕೆಲಸವೇ. ಇಷ್ಟನ್ನೂ ಆಸ್ಪತ್ರೆ ನಿಮಗೆ ಕೊಡುವ ಪತ್ರದಲ್ಲಿ ಬರೆಸಿಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ತೋರಿಸಲು ಒಂದು ಕಾಗದ ಬೇಕು.

ಒಮ್ಮೆ ಅಂಕೋಲಾ ಕಡೆಯ ಒಬ್ಬ ಹಾಲಕ್ಕಿ ಸಮುದಾಯದ ಅಜ್ಜಿಗೆ ಸೊಂಟದ ಆಪರೇಷನ್. ಹಾಲಕ್ಕಿಯವರ ಕೊರಳು ನೋಡಿದ್ದೀರಲ್ಲ, ಸರದ ಮೇಲೆ ಸರ, ಮಣಿ ಮಣಿ. ಥಿಯೇಟರಿಗೆ ಹೋಗುವ ಮುಂಚೆ ಎಲ್ಲಾ ತೆಗೆಯಬೇಕು. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನರ್ಸಿಗೆ ಕೋಪ, ಡಾಕ್ಟರಿಗೆ ಹೊತ್ತಾಗುತ್ತಿದೆ, ಕೊನೆಗೆ ನನ್ನನ್ನು ಕರೆದರು. ನಾನು ಹೋಗಿ ಒಂದೊಂದು ಸರ ಯಾವುದು, ಯಾರು ಕೊಟ್ಟಿದ್ದು ಅಂತ ಕೇಳುತ್ತಾ ಕೂತೆ. ಅಜ್ಜಿ ಹೇಳುತ್ತಾ ಹೇಳುತ್ತಾ ತಾನೇ ಒಂದೊಂದಾಗಿ ಬಿಚ್ಚಿ ಕೊಟ್ಟಳು. ಮೊಮ್ಮಗಳು ಟವೆಲ್ಲಿನಲ್ಲಿ ಸುತ್ತಿ ಇಟ್ಟುಕೊಂಡಳು. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಪ್ರಾರ್ಥನೆಯ ಮಾತೂ ಬರಲಿಲ್ಲ. 14 ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಅಂದರೆ ಅದನ್ನೇ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಒಂದು ಭಯ ಇದೆ. ಅದು ಗುಟ್ಟಿನದು. ಸಭಾಪಾಲಕ ಮತ್ತು ಚಾಪ್ಲಿನ್ ಇಬ್ಬರೂ ಒಬ್ಬನೇ ಆದಾಗ, ಅದೂ ಸಣ್ಣ ಊರಿನಲ್ಲಿ, ಕಾಲು ಜಾರುವುದು ಇಲ್ಲಿಯೇ. ನಾನು ಜಾರಿದ್ದೇನೆ. ಕುಡಿತ ಬಿಡಲು ಒದ್ದಾಡುತ್ತಿದ್ದ ಒಬ್ಬ ರೋಗಿಯ ಕಥೆಯನ್ನು, ಹೆಸರು ಹೇಳದೆ, ಊರು ಬದಲಿಸಿ, ಭಾನುವಾರದ ಪ್ರಸಂಗದಲ್ಲಿ ಉದಾಹರಣೆ ಕೊಟ್ಟೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಆರಾಧನೆ ಮುಗಿದು ಬಾಗಿಲ ಹತ್ತಿರ ಕೈ ಕೊಡುವ ಹೊತ್ತಿಗೆ ಅರ್ಧ ಸಭೆಗೆ ಅದು ಯಾರು ಅಂತ ಗೊತ್ತಾಗಿತ್ತು. ಆ ಮನುಷ್ಯನ ಅತ್ತಿಗೆ ಮೂರನೇ ಸಾಲಿನಲ್ಲಿ ಕೂತಿದ್ದಳು. ಆ ಮನೆಯವರು ಮತ್ತೆ ನಮ್ಮ ಸಭೆಗೆ ಬರಲಿಲ್ಲ. ಅವನೂ ಆಸ್ಪತ್ರೆಗೆ ಬರುವುದನ್ನು ಬಿಟ್ಟ. ಎರಡನೆಯದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ ಆಸ್ಪತ್ರೆಯ ಮಾತು ಪ್ರಸಂಗಕ್ಕೆ ಬರಬಾರದು, ಪ್ರಾರ್ಥನೆಯ ಪಟ್ಟಿಗೂ ಬರಬಾರದು. "ಯಾರು ಅಡ್ಮಿಟ್ ಆಗಿದ್ದಾರೆ ಅಯ್ಯನವರೇ?" ಅಂತ ಹಿರಿಯರು ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಕೊಡಬೇಡಿ. ನಿಮ್ಮ ಸಭೆಯವರೇ ದಾಖಲಾದರೆ "ನಾನು ಇವತ್ತು ನಿಮ್ಮ ಅಯ್ಯನವರಾಗಿ ಬಂದಿದ್ದೇನೆ, ಫೈಲ್ ನೋಡಿಲ್ಲ" ಅಂತ ಮೊದಲೇ ಹೇಳಿಬಿಡಿ, ಮತ್ತು ನಿಜವಾಗಿಯೂ ನೋಡಬೇಡಿ.

ಆದರೆ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಹುದು ಅಂತಲೂ ಇಲ್ಲ. ವಕೀಲರಿಗೆ ಇರುವಂಥ ರಕ್ಷಣೆಯನ್ನು ನಮ್ಮ ಸಾಕ್ಷ್ಯ ಕಾನೂನು ಪಾದ್ರಿಗೆ ಬರೆದುಕೊಟ್ಟಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿಸಲೇಬೇಕು, ಸಭಾಪಾಲಕ ಅಂತ ವಿನಾಯಿತಿ ಇಲ್ಲ. ಯಾರಾದರೂ ಸಾಯುವ ಮಾತಾಡಿದರೆ ಅದನ್ನು ನೀವೊಬ್ಬರೇ ಹೊರಬೇಡಿ. ಆಗಲೇ ಡ್ಯೂಟಿ ಡಾಕ್ಟರಿಗೆ ಹೇಳಿ. ಮನೆಗೆ ಹೋಗುವವರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮನೆಯವರ ಫೋನಿಗೆ ಹಾಕಿಕೊಡಿ. ಕನ್ನಡದಲ್ಲಿ ಮಾತಾಡುತ್ತಾರೆ. ಮಾತು ಶುರುವಾಗುವ ಮುಂಚೆಯೇ "ಇಂಥ ಎರಡು ವಿಷಯ ಬಿಟ್ಟು ಬೇರೆ ಯಾವುದೂ ಹೊರಗೆ ಹೋಗುವುದಿಲ್ಲ" ಅಂದುಬಿಟ್ಟರೆ ನಿಮಗೂ ನಿರಾಳ.

ಈಗ ಹಿರಿಯರ ದೋಣಿ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆಸ್ಪತ್ರೆಯ ಕೆಲಸ ರುಚಿ ಹತ್ತಿಸುತ್ತದೆ. ಅಲ್ಲಿ ಜನ ಕೈ ಹಿಡಿದು ಅಳುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ, ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಆಗಿ ಹೋಗುತ್ತಾರೆ. ಸಭೆಯವರು ಹಾಗಲ್ಲ. ಹತ್ತು ವರ್ಷದ ಹಿಂದೆ ಹಾರ್ಮೋನಿಯಂ ರಿಪೇರಿಗೆ ಕೊಟ್ಟ ದುಡ್ಡಿನ ಲೆಕ್ಕ ಇವತ್ತೂ ಕೇಳುತ್ತಾರೆ. ಹಾಗಾಗಿ ನಾವು ನಮಗೇ ಗೊತ್ತಿಲ್ಲದೆ ಆಸ್ಪತ್ರೆಯ ಕಡೆ ವಾಲುತ್ತೇವೆ, ಅದಕ್ಕೆ ದೇವರ ಕರೆ ಅಂತ ಹೆಸರಿಡುತ್ತೇವೆ. ನಿಮ್ಮದು ಕರೆ ಅಲ್ಲ ಅನ್ನುತ್ತಿಲ್ಲ. ಆದರೆ ಈ ನಾಲ್ಕು ತಿಂಗಳಲ್ಲಿ ಎಷ್ಟು ಮನೆ ಭೇಟಿ ತಪ್ಪಿದೆ, ಎಷ್ಟು ಶನಿವಾರ ರಾತ್ರಿ ಹನ್ನೊಂದರ ಮೇಲೆ ಪ್ರಸಂಗ ಬರೆಯಲು ಕೂತಿರಿ, ಒಂದು ಕಾಗದದ ಮೇಲೆ ಬರೆದು ನೋಡಿ. ಯಾರಿಗೂ ತೋರಿಸಬೇಕಿಲ್ಲ. ಉಳಿದರ್ಧ ಹಣದ್ದು. ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅಯ್ಯನವರಿಗೆ ಎರಡು ಕಡೆ ಸಂಬಳ ಅನ್ನುವ ಮಾತು ಟೀ ಅಂಗಡಿ ಮುಟ್ಟುವ ಮೊದಲು ಗೌರವಧನ ಎಷ್ಟು, ಯಾರ ಖಾತೆಗೆ ಅನ್ನುವುದನ್ನು ಕಮಿಟಿಯಲ್ಲಿ ನೀವೇ ಹೇಳಿ. ಬಿಷಪರ ಒಪ್ಪಿಗೆ ಪತ್ರ ಇಲ್ಲದೆ ಒಂದು ರೂಪಾಯಿ ಮುಟ್ಟಬೇಡಿ. ವರ್ಗಾವಣೆ ಬಂದರೆ ಆಸ್ಪತ್ರೆ ನಿಮ್ಮ ಹಿಂದೆ ಬರುವುದಿಲ್ಲ, ಅದನ್ನೂ ಈಗಲೇ ಕೇಳಿಕೊಳ್ಳಿ.

ಇನ್ನು ಮನೆ, ಮತ್ತು ಫೋನ್.

ಬೇರೆ ಊರಿನಲ್ಲಿ ಚಾಪ್ಲಿನ್‌ಗೆ ರಾತ್ರಿ ಕರೆ ಬಂದರೆ ಒಂದು ಗಂಟೆಯ ಕೆಲಸ. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. "ಇಲ್ಲಿ ಆಗಲ್ಲ, ಮುಂದೆ ತಗೊಂಡು ಹೋಗಿ" ಅನ್ನುವ ಮಾತು ನಮ್ಮವರಿಗೆ ಎಷ್ಟು ಸಲ ಕಿವಿಗೆ ಬಿದ್ದಿದೆ ಅಂದರೆ, 2022ರಲ್ಲಿ ಆಸ್ಪತ್ರೆ ಕೊಡದಿದ್ದರೆ ಓಟಿಲ್ಲ ಅಂತ ಜನ ಎದ್ದು ನಿಂತಿದ್ದರು. ತಲೆಗೆ ಪೆಟ್ಟಾದರೆ ಗೋವಾ, ಹೃದಯ ಅಂದರೆ ಮಣಿಪಾಲ ಇಲ್ಲಾ ಮಂಗಳೂರು. ಮಣಿಪಾಲ ಅಂದರೆ 200 ಕಿಲೋಮೀಟರ್ ಹತ್ತಿರ. ಆಂಬುಲೆನ್ಸ್ ಬಾಗಿಲು ಹಾಕುವ ಹೊತ್ತಿಗೆ ಮನೆಯವರು ನಿಮ್ಮ ಕೈ ಹಿಡಿದು "ಅಯ್ಯನೋರೇ, ನೀವೂ ಬನ್ನಿ" ಅನ್ನುತ್ತಾರೆ. ಬೇಡ ಅನ್ನಲು ಬಾಯಿ ಬರುತ್ತದಾ? ಹತ್ತುತ್ತೀರಿ. ಮಾರನೇ ದಿನ ಸಂಜೆ ಬಸ್ಸಿನಲ್ಲಿ ವಾಪಸ್ಸು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು, ಮುಂದಿನ ತಿಂಗಳೇ ಹಳೇ ಕಾಳಿ ಸೇತುವೆ ರಾತ್ರೋರಾತ್ರಿ ಬಿತ್ತು. ಮಳೆಗಾಲದಲ್ಲಿ ಹೋದವರು ಯಾವಾಗ ಬರುತ್ತಾರೆ ಅಂತ ಇಲ್ಲಿ ಯಾರೂ ಹೇಳಲಾರರು. ಮೂರು ದಿನ ಅಂತ ಆಸ್ಪತ್ರೆ ಹೇಳಿದ್ದರಲ್ಲಿ ಈ ಲೆಕ್ಕ ಇಲ್ಲ. ಇದನ್ನೆಲ್ಲ ಕೊಡುವವರು ನಿಮ್ಮ ಮನೆಯವರು.

ಅದಕ್ಕೇ ಹೇಳುತ್ತೇನೆ, ಹೂಂ ಅನ್ನುವ ಮೊದಲು ಫೋನಿನ ತೀರ್ಮಾನ ಆಗಲಿ. ಆಸ್ಪತ್ರೆಗೆ ಬೇರೆ ನಂಬರ್ ಕೊಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆ ಫೋನ್ ವಾರಕ್ಕೆ ಎರಡು ರಾತ್ರಿ ಮಾತ್ರ ನಿಮ್ಮ ಹತ್ತಿರ ಇರಲಿ. ಉಳಿದ ರಾತ್ರಿಗಳಿಗೆ ಕ್ಯಾಥೊಲಿಕ್ ಫಾದರ್, ಬೇರೆ ಸಭೆಯ ಪಾಸ್ಟರ್, ನಿಮ್ಮ ಸಭೆಯಲ್ಲೇ ಇರುವ ನಿವೃತ್ತ ನರ್ಸ್, ಹೀಗೆ ನಾಲ್ಕೈದು ಜನರ ಸರದಿ ಮಾಡಿ. ಕಾರವಾರದಲ್ಲಿ ಅದು ಇನ್ನೂ ಒಳ್ಳೆಯದು, ಅರ್ಧಕ್ಕರ್ಧ ರೋಗಿಗಳಿಗೆ ನೋವಿನ ಹೊತ್ತಿನಲ್ಲಿ ಬಾಯಿಗೆ ಬರುವುದು ಕೊಂಕಣಿ, ನಮ್ಮ ಪುಸ್ತಕದ ಕನ್ನಡ ಅಲ್ಲ. ಫಾದರ್ ಕೊಂಕಣಿಯಲ್ಲಿ ಎರಡು ಮಾತಾಡಿದರೆ ಆಗುವ ಸಮಾಧಾನ ನನ್ನ ಇಡೀ ಕೀರ್ತನೆಗೆ ಆಗುತ್ತಿರಲಿಲ್ಲ. ಆಂಬುಲೆನ್ಸ್ ಹತ್ತುವುದು ಬೇಡ. ಅಲ್ಲಿ ಮುಟ್ಟಿದ ಮೇಲೆ ಸಿಗುವ ಒಬ್ಬರ ನಂಬರ್ ಕೊಟ್ಟು, ಬೆಳಿಗ್ಗೆ ಫೋನ್ ಮಾಡಿ.

ಬೈಬಲಿನ ವಿಮೋಚನಕಾಂಡ 18ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಮೋಶೆ ಬೆಳಗಿನಿಂದ ಸಂಜೆವರೆಗೆ ನ್ಯಾಯ ತೀರಿಸುತ್ತಾ ಕೂತಿದ್ದನ್ನು ನೋಡಿ ಅವನ ಮಾವ ಇತ್ರೋ, ಕೆಲಸ ಹಂಚು ಮಾರಾಯಾ, ನೀನೂ ಸೋಲುತ್ತೀ ಜನರೂ ಸೋಲುತ್ತಾರೆ ಅನ್ನುತ್ತಾನೆ. ಹಿರಿಯರನ್ನು ಆರಿಸುವಾಗೆಲ್ಲ ಇದನ್ನು ಓದುತ್ತೇವೆ. ಅದೇ ಅಧ್ಯಾಯದ ಮೊದಲ ವಚನಗಳನ್ನು ಓದುವುದಿಲ್ಲ. ಮಾವ ಬಂದದ್ದು ಸುಮ್ನೆ ಅಲ್ಲ. ತವರಿನಲ್ಲಿ ಬಿಟ್ಟಿದ್ದ ಮೋಶೆಯ ಹೆಂಡತಿಯನ್ನೂ ಎರಡು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಅವರು ಬಂದ ಮಾರನೇ ದಿನವೇ ಮೋಶೆ ಬೆಳಿಗ್ಗೆ ಹೋಗಿ ಕೂತ. ಮಾವನಿಗೆ ಕಂಡದ್ದು ಆಡಳಿತದ ತೊಂದರೆ ಒಂದೇ ಅಂತ ನನಗೆ ಅನ್ನಿಸುವುದಿಲ್ಲ.

ನಿಮ್ಮ ಮುಂದೆ ಈಗ ಏನೇನು ದಾರಿ ಇದೆ? ಅವರು ಹೇಳಿದ್ದಕ್ಕೆ ಹಾಗೇ ಒಪ್ಪಿಕೊಳ್ಳಬಹುದು. ಆರು ತಿಂಗಳು ಉತ್ಸಾಹದಲ್ಲಿ ನಡೆಯುತ್ತದೆ, ಆಮೇಲೆ ಸಭೆ ಅಥವಾ ಮನೆ, ಎರಡರಲ್ಲಿ ಒಂದು ಬಿರುಕು ಬಿಡುತ್ತದೆ. ನಾನು ಕಂಡ ಮಟ್ಟಿಗೆ ಮೊದಲು ಬಿರುಕು ಬಿಡುವುದು ಮನೆ, ಯಾಕೆಂದರೆ ಮನೆಯವರು ಕಮಿಟಿ ಕರೆಯುವುದಿಲ್ಲ.

ಸಭೆ ಬಿಟ್ಟು ಪೂರ್ತಿ ಚಾಪ್ಲಿನ್ ಆಗಬಹುದು. ಒಂಟಿತನದ ಕೆಲಸ ಅದು. ಭಾನುವಾರ ನಿಮ್ಮದು ಅನ್ನುವ ಜನ ಇರುವುದಿಲ್ಲ, ಸಭೆ ಕೊಟ್ಟ ಮನೆಯೂ ಹೋಗುತ್ತದೆ, ಆಡಳಿತ ಬದಲಾದರೆ ಕೆಲಸವೂ ಹೋಗಬಹುದು. ಮಕ್ಕಳು ಓದುತ್ತಿರುವಾಗ ನಾನಾಗಿದ್ದರೆ ಧೈರ್ಯ ಮಾಡುತ್ತಿರಲಿಲ್ಲ.

ಈಗ ಬೇಡ ಅನ್ನಬಹುದು. ಇದರಲ್ಲಿ ಅವಮಾನ ಇಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ಅನ್ನುವುದು ದೊಡ್ಡ ಕಾರಣವೇ. ಆಸ್ಪತ್ರೆ ಬೇರೆಯವರನ್ನು ತೆಗೆದುಕೊಂಡರೆ ತೆಗೆದುಕೊಳ್ಳಲಿ. ರೋಗಿಗಳಿಗೆ ಕೊರತೆ ಆಗುವುದಿಲ್ಲ.

ನನ್ನನ್ನು ಕೇಳಿದರೆ, ಪರೀಕ್ಷೆ ಮುಗಿದ ಮೇಲೆ ವಾರಕ್ಕೆ ಎರಡು ಅರ್ಧ ದಿನ, ಎರಡು ರಾತ್ರಿ, ಆರು ತಿಂಗಳ ಪರೀಕ್ಷಾರ್ಥ ಅಂತ ಹೇಳಿ. ಸಂಬಳದ ಬದಲು ತರಬೇತಿಯ ಖರ್ಚು ಕೊಡಿ ಅಂತ ಕೇಳಿ. ಬೈಬಲ್ ಕಾಲೇಜಿನ ಓದು ಈ ಕೆಲಸಕ್ಕೆ ಸಾಲುವುದಿಲ್ಲ. ಇದಕ್ಕೇ ಅಂತ ಸಿಪಿಇ (ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್) ಎಂಬ ತರಬೇತಿ ಇದೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಸಿಗುತ್ತದೆ. 1925ರಲ್ಲಿ ಅಮೆರಿಕದಲ್ಲಿ ಇದನ್ನು ಶುರು ಮಾಡಿದ ಆಂಟನ್ ಬಾಯ್ಸನ್ ತಾನೇ ಹಿಂದೆ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವನು. ಈ ತರಬೇತಿಯಲ್ಲಿ ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ ಬರೆದು ಎಲ್ಲರ ಮುಂದೆ ಓದಬೇಕು. ನನ್ನ ಮೊದಲ ಬರಹದಲ್ಲಿ ರೋಗಿಯದು ನಾಲ್ಕು ಸಾಲು, ನನ್ನದು ಇಪ್ಪತ್ತೊಂದು. ಕಲಿಸುತ್ತಿದ್ದವರು ಏನೂ ಹೇಳಲಿಲ್ಲ, ಪೆನ್ಸಿಲ್‌ನಿಂದ ಎಣಿಸಿ ಪಕ್ಕದಲ್ಲಿ ಎರಡು ಅಂಕಿ ಬರೆದರು.

ಈ ದಾರಿಯಲ್ಲೂ ಅಪಾಯ ಇದೆ. ಸರದಿಯ ಜನರಲ್ಲಿ ಒಬ್ಬರ ಬಾಯಿ ಸಡಿಲವಾಗಿದ್ದರೂ ಕಥೆ ಮುಗಿಯಿತು, ಆದ್ದರಿಂದ ಪ್ರಾರ್ಥನೆ ಚೆನ್ನಾಗಿ ಮಾಡುವವರನ್ನಲ್ಲ, ಬಾಯಿ ಬಿಗಿ ಇರುವವರನ್ನು ಆರಿಸಿ. ಆರು ತಿಂಗಳಾದ ಮೇಲೆ ಮುಂದುವರಿಸಬೇಕಾ ಅಂತ ಮೊದಲು ಕೇಳಬೇಕಾದ್ದು ನಿಮ್ಮ ಮನೆಯವರನ್ನು, ಅದೂ ಮಕ್ಕಳ ಎದುರಿಗಲ್ಲ. "ಪರವಾಗಿಲ್ಲ" ಅಂದರೆ ಅದು ಉತ್ತರ ಅಲ್ಲ, ಇನ್ನೊಂದು ಸಲ ಕೇಳಿ.

ಕಾಲರ್ ವಿಷಯ. ಹಾಕಬೇಡಿ. ಮಾಮೂಲಿ ಶರ್ಟು, ಕೊರಳಲ್ಲಿ ಆಸ್ಪತ್ರೆಯ ಐಡಿ ಕಾರ್ಡು ಸಾಕು. ನಾನು ಮೊದಲ ದಿನ ಬಿಳಿ ನಿಲುವಂಗಿಯಲ್ಲೇ ಗಂಡಸರ ವಾರ್ಡಿಗೆ ಹೋಗಿದ್ದೆ. ಹರ್ನಿಯಾ ಆಪರೇಷನ್ ಆಗಿ ಮಾರನೇ ದಿನ ಮನೆಗೆ ಹೋಗಬೇಕಿದ್ದ ಒಬ್ಬರ ಮಂಚದ ಪಕ್ಕ ನಿಂತು "ಹೇಗಿದ್ದೀರಿ?" ಅಂದೆ. ಅವರ ಹೆಂಡತಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, ಟಿಫಿನ್ ಡಬ್ಬಿ ಕೆಳಗಿಟ್ಟು, ಹೋ ಅಂತ ಅಳಲು ಶುರು ಮಾಡಿದರು. ಡಾಕ್ಟರ್ ಕೈಬಿಟ್ಟಿದ್ದಾರೆ, ಅದಕ್ಕೇ ಪಾದ್ರಿಯನ್ನು ಕಳಿಸಿದ್ದಾರೆ ಅಂದುಕೊಂಡಿದ್ದರು. ಅವರನ್ನು ಸಮಾಧಾನ ಮಾಡಲು ನರ್ಸ್ ಬರಬೇಕಾಯಿತು.